ನೋವೆಲ್ಲರೂ ಕ್ಷೇಮ

೧೨ ಜನವರಿ

ಪ್ರೀತಿಯ ಇರುವೆಗೆ,

ಇಲ್ಲಿ ನೋವೆಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು. ಅಕ್ಕ ಇದ್ದಾಳೋ ಹೋದಳೋ ಅಂತಾದರೂ ಕೇಳಬಾರದೇ?

ಇದರ ಜೊತೆ ಬಿಸ್ಕತ್ತಿನ ಡಬ್ಬಿ ಬರುತ್ತದೆ. ಒಳಗೆ ಬಿಸ್ಕತ್ತಿಲ್ಲ, ಆಸೆಪಡಬೇಡ. ಜೂನ್ ಕೊನೆಯ ತನಕ ಆಗುವಷ್ಟು ಮಾತ್ರೆ ಇವೆ. ಎಂದಿನಂತೆ ಪ್ರತಿ ಸ್ಟ್ರಿಪ್ಪಿನ ಬೆನ್ನಿಗೂ ಕೆಂಪು ಪೆನ್ನಿನಲ್ಲಿ ವಾರದ ಹೆಸರು ಬರೆದಿದ್ದೇನೆ. ಒಂದು ದಿನವೂ ತಪ್ಪಿಸಬೇಡ. ನಿನಗೆ ಆಪರೇಷನ್ ಆಗಿ ಈ ತಿಂಗಳಿಗೆ ಹನ್ನೊಂದು ವರ್ಷ. ಗರ್ಭಕೋಶ, ಅಂಡಾಶಯ ಎಲ್ಲ ತೆಗೆದ ಮೇಲೆ ಮೈಯೆಲ್ಲ ಬೆಂಕಿ ಬೆಂಕಿ ಅಂತ ನೀನು ತಣ್ಣೀರಿನ ಟವೆಲ್ ಹೊದ್ದು ಕೂತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದೊಡ್ಡ ಡಾಕ್ಟರು ಈ ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟರು, ನೀನು ಮನುಷ್ಯಳಾದೆ. ಅವರು ರಿಟೈರಾಗಿ ಎಲ್ಲಿಗೋ ಹೋದರು. ನಾನಂತೂ ಇದ್ದೇನಲ್ಲ.

ನೆನ್ನೆ ಅಂಗಡಿಗೆ ಒಬ್ಬರು ಔಷಧಿ ಚೀಟಿ ಹಿಡಿದುಕೊಂಡು ಬಂದರು. ಮೂರು ಅಂಗಡಿಯವರು ಓದಲಾಗದೆ ವಾಪಸ್ ಕಳಿಸಿದ್ದರಂತೆ. ಡಾಕ್ಟರು ಬರೆದಿದ್ದರೋ ಕೋಳಿ ಕೆದಕಿತ್ತೋ! ಕನ್ನಡಕ ಸರಿಮಾಡಿಕೊಂಡು ಒಂದೇ ಉಸಿರಿಗೆ ಓದಿ ಮೂರು ಔಷಧಿಯನ್ನೂ ಕೌಂಟರಿನ ಮೇಲಿಟ್ಟೆ. ಧಣಿ ನಗುತ್ತಾ, "ಅಕ್ಕಾ, ನಿಮ್ಮ ಕಣ್ಣಿಗೆ ಇನ್ಶೂರೆನ್ಸ್ ಮಾಡಿಸ್ಬೇಕು" ಅಂದರು. ಮೂವತ್ನಾಲ್ಕು ವರ್ಷ ಈ ಕೌಂಟರಿನ ಹಿಂದೆ ನಿಂತದ್ದಕ್ಕೆ ಅಷ್ಟೂ ಬರದಿದ್ದರೆ ಹೇಗೆ?

ನಿನ್ನ ಭಾವ ನಲ್ಲಿ ರಿಪೇರಿ ಮಾಡುತ್ತೇನೆಂದು ಹೊರಟು ಅಡುಗೆಮನೆಯಲ್ಲಿ ಕೆರೆ ಕಟ್ಟಿದ್ದಾರೆ. ಲೆಕ್ಕದ ಮೇಷ್ಟ್ರಿಗೆ ಸ್ಪ್ಯಾನರ್ ಯಾಕೆ ಬೇಕಿತ್ತು ಅಂತ ನಾನು ಕೇಳಿಲ್ಲ, ಮುಖ ನೋಡಿದರೆ ಪಾಪ ಅನ್ನಿಸಿತು.

ಕಳೆದ ಸಲ ನೀನು ಕಾಗದ ಬರೆದಿದ್ದ ಕಾದಂಬರಿಯ ಪ್ರೂಫ್ ಹಾಳೆಯ ಇನ್ನೊಂದು ಬದಿಯಲ್ಲಿ ಹಡಗಿನ ಕ್ಯಾಪ್ಟನ್ ನೀರಿಗೆ ಹಾರಿದ್ದ. ಬದುಕಿದನೋ ಇಲ್ಲವೋ? ಮುಂದಿನ ಪುಟದ ಹಿಂದೆ ಬರೆ.

ನಿನ್ನ ಅಕ್ಕ


೩ ಫೆಬ್ರವರಿ

ಅಕ್ಕನಿಗೆ,

ನಾವು ಬೇರೆ, ನೋವು ಬೇರೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ? ನಾವು ಅಂತ ಬರೆಯುವಾಗ ಮಾತ್ರ ನಿನ್ನ ಪೆನ್ನು ‘ನಾ’ ಅಕ್ಷರಕ್ಕೊಂದು ಕೊಂಬು, ಒಂದು ಬಾಲ ಸೇರಿಸಿ ‘ನೋ’ ಮಾಡುತ್ತದೆ. ಇಲ್ಲಿ ನೋವೆಲ್ಲರೂ ಕ್ಷೇಮ ಅಂತ ಪ್ರತಿ ಕಾಗದದಲ್ಲೂ! ಡಾಕ್ಟರುಗಳ ಅಕ್ಷರ ಓದಿ ಓದಿ ನಿನ್ನ ಕೈಯೂ ಅವರದೇ ಆಗಿದೆ. ನಿನ್ನ ಕಾಗದವನ್ನು ಪ್ರೆಸ್ಸಿಗೆ ತಂದಿದ್ದೆ. ಊಟದ ಹೊತ್ತಿಗೆ ಬೈಂಡಿಂಗಿನ ದಾರದಮ್ಮ ಅದನ್ನು ಓದಿ, "ನಿಮ್ಮಕ್ಕ ಸರಿಯಾಗೇ ಬರ್ದಿದ್ದಾರೆ ಬಿಡ್ರೀ, ನೋವಿಗೇನು, ಅದು ಯಾವಾಗ್ಲೂ ಕ್ಷೇಮವಾಗೇ ಇರುತ್ತೆ" ಅಂದಳು. ಅವಳಿಗೆ ಮಂಡಿನೋವು.

ಡಬ್ಬಿ ತಲುಪಿತು. ತಪ್ಪಿಸದೆ ನುಂಗುತ್ತಿದ್ದೇನೆ.

ಪರೀಕ್ಷೆ ಕಾಲವಲ್ಲವೇ, ಶಾಲೆಯ ಗೈಡುಗಳು ಒಂದರ ಮೇಲೊಂದು ಬಂದು ಬೀಳುತ್ತಿವೆ. ಇಡೀ ದಿನ ಬಗ್ಗಿ ಕೂತು ಪ್ರೂಫ್ ತಿದ್ದಿ ಎಡಗಡೆ ನಡು ಹಿಡಿದುಕೊಂಡಿದೆ. ಕುರ್ಚಿಯ ದೋಷವಿರಬೇಕು. ಒಂದೊಂದು ದಿನ ಕೆಳಹೊಟ್ಟೆಯಲ್ಲೂ ಏನೋ ಎಳೆದ ಹಾಗೆ ಆಗುತ್ತದೆ, ಹಳೆಯ ಕಾಲದ ಹಾಗೆ. ವಯಸ್ಸು ಐವತ್ತೇಳಾಯಿತು, ಎಲ್ಲ ತೆಗೆದೂ ಆಯಿತು, ಇನ್ನೆಲ್ಲಿಯ ಹಳೆಯ ಕಾಲ ಅಂತ ನಾನೇ ನಕ್ಕೆ.

ಕ್ಯಾಪ್ಟನ್ ಬದುಕಿದ. ಇದರ ಹಿಂದೆ ನೋಡು. ಆದರೆ ಹಡಗು ಹೋಯಿತು.

ಇರುವೆ


೨೦ ಫೆಬ್ರವರಿ

ಪ್ರೀತಿಯ ಇರುವೆಗೆ,

ಕ್ಯಾಪ್ಟನ್ ಬದುಕಿದ್ದಕ್ಕೆ ನಿನ್ನ ಭಾವನಿಗೆ ಭಾರಿ ಸಂತೋಷ. ನಾನು ಓದಿ ಹೇಳಿದೆ, ಅವರು ಕೇಳಿದರು. ನಿನ್ನ ಕಾಗದದಲ್ಲಿ ಯಾವಾಗಲೂ ಮೊದಲು ಹಿಂಬದಿ, ಆಮೇಲೆ ನೀನು. ಬೇಜಾರು ಮಾಡಿಕೊಳ್ಳಬೇಡ.

ನಡುನೋವಿಗೆ ಕುರ್ಚಿ ಬದಲಾಯಿಸು. ಹಿಂದೆ ಒಂದು ದಿಂಬು ಇಟ್ಟುಕೋ. ಹಚ್ಚಿಕೊಳ್ಳಲು ಮುಲಾಮು ಕಳಿಸುತ್ತಿದ್ದೇನೆ. ಕೆಳಹೊಟ್ಟೆ ಎಳೆಯುವುದು ಗ್ಯಾಸ್. ಮುಟ್ಟು ನಿಂತ ಮೇಲೆ ಆ ಹಳೇ ಕಾಯಿಲೆ ಎಲ್ಲಿಂದ ಬರುತ್ತೆ ಹೇಳು? ಬೇರನ್ನೇ ಕಿತ್ತು ಹಾಕಿದ್ದಾರೆ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಮಾತ್ರೆ ಮಾತ್ರ ಬಿಡಬೇಡ.

ನೋವು ಈ ಬೇಸಿಗೆಯಲ್ಲಿ ನಿನ್ನ ಹತ್ತಿರ ಬಂದು ಹದಿನೈದು ದಿನ ಇರೋಣ ಅಂತಿದ್ದೇವೆ. ಧಣಿಯನ್ನು ರಜೆ ಕೇಳಿದ್ದೇನೆ.

ಅಕ್ಕ


೧೮ ಮಾರ್ಚ್
(ಇದನ್ನು ಅಂಚೆಗೆ ಹಾಕುವುದಿಲ್ಲ)

ಅಕ್ಕಾ,

ಯಾರಿಗಾದರೂ ಹೇಳಲೇಬೇಕು. ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಇವರಿದ್ದಿದ್ದರೆ ಇವರಿಗೆ ಹೇಳುತ್ತಿದ್ದೆ, ಇವರು ಹೋಗಿ ಆರು ವರ್ಷವಾಯಿತು. ಆದರೆ ಈ ಮಾತನ್ನು ಕೇಳಬಾರದವಳೂ ನೀನೇ. ಅದಕ್ಕೇ ಬರೆದು ಚೀಲದಲ್ಲಿಡುತ್ತೇನೆ.

ನಡುನೋವು ಕುರ್ಚಿಯದ್ದಲ್ಲ. ಹೋದ ವಾರ ಪ್ರೆಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತೆ, ದಾರದಮ್ಮನೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಸ್ಕ್ಯಾನಿಂಗ್ ಮಾಡಿದ ಹುಡುಗ ಎಡಗಡೆಗೆ ಬಂದವನು ಎದ್ದು ಹೋಗಿ ಡಾಕ್ಟರನ್ನು ಕರೆತಂದ. ಎಡ ಕಿಡ್ನಿ ಹೆಚ್ಚುಕಡಿಮೆ ಸತ್ತೇ ಹೋಗಿದೆಯಂತೆ. ಅಲ್ಲಿಂದ ಇಳಿಯುವ ಮೂತ್ರನಾಳವನ್ನು ಒಂದು ಗಡ್ಡೆ ಹಿಸುಕಿ ಹಿಡಿದಿದೆ. ವರ್ಷಗಟ್ಟಲೆ ಆಗಿರಬೇಕು, ಸದ್ದಿಲ್ಲದೆ.

ಡಾಕ್ಟರು ಚಿಕ್ಕ ವಯಸ್ಸಿನವಳು, ನನಗೆ ಮಗಳಿದ್ದಿದ್ದರೆ ಅಷ್ಟಿರುತ್ತಿದ್ದಳು. ಎಂಡೊಮೆಟ್ರಿಯೋಸಿಸ್ ಅಂದಳು. ಹೆಸರು ನನಗೇನು ಹೊಸದೇ? ಗರ್ಭಕೋಶದ ಒಳಪದರದಂಥದ್ದು ಹೊರಗೆ ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಬೆಳೆಯುವುದು. ಮದುವೆಯಾದರೆ ಸರಿಹೋಗುತ್ತೆ ಅಂದಳು ಅಮ್ಮ. ಮಕ್ಕಳಾದರೆ ಸರಿಹೋಗುತ್ತೆ ಅಂದರು ಅತ್ತೆ. ಮಕ್ಕಳಾಗಲಿಲ್ಲ. ನಿಂತರೆ ಸರಿಹೋಗುತ್ತೆ ಅಂದೆ ನೀನು. ನಿಲ್ಲಿಸಿಯೇಬಿಟ್ಟರು. ಈಗ ಮತ್ತೆ ಅದೇ ಹೆಸರು. ನಿಂತ ಮೇಲೂ ಬರುತ್ತದೆಯೇ ಎಂದು ಕೇಳಿದೆ. ಕಡಿಮೆ, ಆದರೆ ಬರುತ್ತದೆ ಅಂದಳು. ಆಮೇಲೆ ಏನೇನು ಮಾತ್ರೆ ನುಂಗುತ್ತೀರಿ ಎಂದು ಕೇಳಿದಳು. ಚೀಲದಿಂದ ಸ್ಟ್ರಿಪ್ ತೆಗೆದುಕೊಟ್ಟೆ. ಅವಳು ಅದನ್ನು ತಿರುಗಿಸಿ ನಿನ್ನ ಕೆಂಪು ಅಕ್ಷರದ ಸೋಮ, ಮಂಗಳ, ಬುಧ ನೋಡಿದಳು.

"ಇದನ್ನ ಯಾರು ಕೊಡ್ತಿದ್ದಾರೆ?"

"ಆಪರೇಷನ್ ಮಾಡಿದ ಡಾಕ್ಟರು ಬರೆದಿದ್ರು."

"ಹನ್ನೊಂದು ವರ್ಷಕ್ಕೂ ಬರೆದಿದ್ರಾ?"

ಅಂಗಡಿಯಲ್ಲಿ ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ ಅಂದೆ. ಬಾಯಿಗೆ ಮೊದಲು ಬಂದದ್ದು ಆ ಸುಳ್ಳು. ಅವಳು ಗದರಿಸಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ಅಮ್ಮಾ, ಎಲ್ಲಾ ತೆಗೆದ್ರೂ ಒಂದಿಷ್ಟು ಚೂರು ಒಳಗೆ ಉಳ್ಕೊಂಡಿರುತ್ತೆ. ಊಟ ಸಿಗದಿದ್ರೆ ಅದು ಸುಮ್ನೆ ಬಿದ್ದಿರುತ್ತೆ. ಇದು ಈಸ್ಟ್ರೋಜನ್ ಮಾತ್ರೆ, ಅಂಡಾಶಯ ಕೊಡ್ತಿದ್ದ ಹಾರ್ಮೋನೇ. ನೀವು ದಿನಾ ಅದಕ್ಕೆ ಊಟ ಹಾಕಿದ್ದೀರಿ."

ಮಾತ್ರೆ ಕೆಟ್ಟದ್ದಲ್ಲವಂತೆ. ಬೇಕಾದವರಿಗೆ ಬೇಕು. ಆದರೆ ನನ್ನಂಥವಳಿಗೆ ಒಂದು ಸಲವೂ ತಪಾಸಣೆಯಿಲ್ಲದೆ, ಇದೊಂದನ್ನೇ ಇಷ್ಟು ವರ್ಷ ಕೊಡಬಾರದಿತ್ತು.

ಅಕ್ಕಾ, ನನಗೆ ನಿನ್ನ ಮೇಲೆ ಕೋಪವಿಲ್ಲ. ಇದು ನಿನಗೆ ಗೊತ್ತಾದರೆ ಏನಾಗುತ್ತೀಯೋ ಅನ್ನುವುದೊಂದೇ ಭಯ. ಬೀದಿಯವರೆಲ್ಲ ನಿನ್ನನ್ನು ಅರ್ಧ ಡಾಕ್ಟರ್ ಅನ್ನುತ್ತಾರೆ, ಅದನ್ನು ಹೇಳುವಾಗ ನೀನು ಸೆರಗು ಸರಿಮಾಡಿಕೊಳ್ಳುತ್ತೀಯ. ನಾನು ಅದನ್ನು ಕಿತ್ತುಕೊಳ್ಳಲಾರೆ. ಆಪರೇಷನ್ನಿಗೆ ಜೂನ್ ತಿಂಗಳು ಕೊಟ್ಟಿದ್ದಾರೆ. ಮುಗಿಸಿಕೊಂಡುಬಿಡುತ್ತೇನೆ.


೧೯ ಮಾರ್ಚ್

ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ನಡುನೋವಿಗೆ ಡಾಕ್ಟರಿಗೆ ತೋರಿಸಿದೆ, ಕಿಡ್ನಿಯಲ್ಲಿ ಒಂದು ಸಣ್ಣ ಕಲ್ಲು ಅಂದರು. ಹೆದರುವಂಥದ್ದೇನೂ ಇಲ್ಲ.

ಆ ಬಿಳಿ ಮಾತ್ರೆ ನಿಲ್ಲಿಸಿದ್ದೇನೆ. ತುಂಬ ದಪ್ಪಗಾಗುತ್ತಿದ್ದೇನೆ, ರವಿಕೆಯೊಂದೂ ತೋಳಿಗೆ ಹತ್ತುತ್ತಿಲ್ಲ. ಇನ್ನು ಮುಂದೆ ಕಳಿಸಬೇಡ.

ಬೇಸಿಗೆಯಲ್ಲಿ ಪ್ರೆಸ್ಸಿನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ನೀವು ಬಂದರೆ ನಾನು ಮನೆಯಲ್ಲೇ ಇರುವುದಿಲ್ಲ. ಬರುವುದನ್ನು ಮುಂದಕ್ಕೆ ಹಾಕಿ.

ಇರುವೆ


೪ ಏಪ್ರಿಲ್

ಪ್ರೀತಿಯ ಇರುವೆಗೆ,

ದಪ್ಪಗಾದರೆ ಆಗು. ಈ ವಯಸ್ಸಿನಲ್ಲಿ ನಿನ್ನನ್ನು ಯಾರಾದರೂ ಹೆಣ್ಣು ನೋಡಲು ಬರುತ್ತಾರೆಯೇ? ರವಿಕೆಯ ಹೊಲಿಗೆ ಬಿಚ್ಚಿಸು, ಮಾತ್ರೆ ನಿಲ್ಲಿಸಬೇಡ. ಯಾರನ್ನು ಕೇಳಿ ನಿಲ್ಲಿಸಿದೆ? ಮತ್ತೆ ಮೈ ಉರಿ ಶುರುವಾದರೆ ಟವೆಲ್ ಒದ್ದೆ ಮಾಡಿಕೊಡಲು ಅಲ್ಲಿ ಯಾರಿದ್ದಾರೆ? ಮೂಳೆ ಬೇರೆ ಸವೆಯುತ್ತೆ. ನೀನು ಇಲ್ಲಿದ್ದಿದ್ದರೆ ಮೂಗು ಹಿಡಿದು ನುಂಗಿಸುತ್ತಿದ್ದೆ.

ಇನ್ನೊಂದು ಡಬ್ಬಿ ಕಳಿಸಿದ್ದೇನೆ, ಡಿಸೆಂಬರ್ ತನಕ ಆಗುತ್ತದೆ. ಕಲ್ಲಿಗೆ ನೀರು ಕುಡಿ, ಚೆಂಬುಗಟ್ಟಲೆ ಕುಡಿ. ಯಾವ ಡಾಕ್ಟರು, ಏನು ಬರೆದುಕೊಟ್ಟಿದ್ದಾರೆ? ಚೀಟಿ ಕಳಿಸು, ನಾನು ನೋಡುತ್ತೇನೆ.

ನೀನು ಮನೆಯಲ್ಲಿರದಿದ್ದರೆ ಏನಂತೆ? ನಾನು ಮನೆ ಗುಡಿಸಿ ಒರೆಸಿ, ನೀನು ಬರುವಷ್ಟರಲ್ಲಿ ಅನ್ನ ಮಾಡಿಟ್ಟಿರುತ್ತೇನೆ. ನಿನ್ನ ಭಾವ ಇರುವ ನಲ್ಲಿಯನ್ನೆಲ್ಲ ಕೆಡಿಸಿಟ್ಟಿರುತ್ತಾರೆ. ನೋವು ಮೇ ಎರಡನೇ ವಾರ ಬರುತ್ತೇವೆ.

ಅಕ್ಕ


೩೦ ಏಪ್ರಿಲ್

ಅಕ್ಕನಿಗೆ,

ಮೇ ತಿಂಗಳಲ್ಲಿ ಬರಬೇಡಿ. ನನಗೆ ಅನುಕೂಲವಿಲ್ಲ. ಡಬ್ಬಿಯನ್ನೂ ಕಳಿಸಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೆ. ನನ್ನ ಮೈಯ ವಿಷಯ ನಾನು ನೋಡಿಕೊಳ್ಳುತ್ತೇನೆ.

ಇರುವೆ


೧೨ ಮೇ

ಇರುವೆಗೆ,

ನಿನ್ನ ನಾಲ್ಕು ಸಾಲಿನ ಕಾಗದ ಬಂತು. ತಿರುಗಿಸಿ ನೋಡಿದೆ, ಹಿಂದೆಯೂ ಏನೂ ಇರಲಿಲ್ಲ. ಖಾಲಿ ಹಾಳೆಯಲ್ಲಿ ನೀನು ನನಗೆ ಯಾವತ್ತೂ ಬರೆದವಳಲ್ಲ.

ನಿನ್ನ ಭಾವ, "ಕೆಲ್ಸದ ಒತ್ತಡ ಕಣೇ, ಬಿಡು" ಅಂದರು. ನಾನು ಬಿಡುವವಳಲ್ಲ ಅಂತ ನಿನಗೆ ಗೊತ್ತು. ನನ್ನಿಂದ ಏನಾಯಿತು ಹೇಳು. ಅಮ್ಮ ಹೋದಾಗ ನಿನಗೆ ಹದಿನೈದು, ನನಗೆ ಇಪ್ಪತ್ತು. ತಿಂಗಳು ತಿಂಗಳು ನೀನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳುವಾಗ ಬಿಸಿನೀರಿನ ಬಾಟಲಿ ತುಂಬಿಸಿ ಕೊಡುತ್ತಿದ್ದವಳು ನಾನು. ಇವಳಿಗೆ ಏನಾದರೂ ಔಷಧಿ ಇರಲೇಬೇಕು ಅಂತ ಹುಡುಕಿಕೊಂಡೇ ನಾನು ಆ ಅಂಗಡಿಗೆ ಸೇರಿದ್ದು. ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಆಮೇಲೆ ಅದೇ ಕೆಲಸವಾಯಿತು, ಕಾಲು ನೋಯುವಷ್ಟು ವರ್ಷ ನಿಂತೆ.

ನಾನು ಕೊಟ್ಟದ್ದು ನಿನಗೆ ಬೇಡವಾಯಿತು. ನಾನು ಬರುವುದೂ ಬೇಡವಾಯಿತು. ಆಗಲಿ. ನಿನಗೆ ಬರೆಯಬೇಕು ಅನ್ನಿಸಿದಾಗ ಬರೆ. ನಾನಾಗಿ ಇನ್ನು ಬರೆಯುವುದಿಲ್ಲ.

ಅಕ್ಕ


೨೭ ಜೂನ್

ನನ್ನ ಅಕ್ಕನಿಗೆ,

ಮೊದಲು ನನ್ನ ಕಿವಿ ಹಿಂಡು. ಏಪ್ರಿಲ್ ಕಾಗದಕ್ಕೆ ಏನೂ ಕಾರಣ ಕೇಳಬೇಡ, ಆಗ ನನ್ನ ತಲೆ ನೆಟ್ಟಗಿರಲಿಲ್ಲ.

ಕಲ್ಲು ತೆಗೆಸಿಕೊಂಡೆ. ಆಸ್ಪತ್ರೆಯ ಮಂಚದಿಂದಲೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಎಲ್ಲ ಮುಗಿದಿದೆ, ನಾಡಿದ್ದು ಮನೆಗೆ ಕಳಿಸುತ್ತಾರೆ. ದಾರದಮ್ಮ ಎರಡು ಹೊತ್ತೂ ಬರುತ್ತಾಳೆ. ನನ್ನ ಹೊಲಿಗೆ ನೋಡಿ, "ಇದೇನ್ರೀ ಬೈಂಡಿಂಗು, ನಮ್ಮ ಪ್ರೆಸ್ಸಲ್ಲಾಗಿದ್ರೆ ಬಿಚ್ಚಿ ಮತ್ತೆ ಹೊಲಿಸ್ತಿದ್ರು" ಅಂದಳು. ನಗಲು ಹೋಗಿ ಪ್ರಾಣ ಹೋದಂತಾಯಿತು.

ಕಿಟಕಿಯ ಹೊರಗೆ ಒಂದು ಗೋಡೆ, ಗೋಡೆಯ ಮೇಲೆ ಒಂದು ಬೆಕ್ಕು. ಅದು ದಿನವೂ ಹನ್ನೊಂದು ಗಂಟೆಗೆ ಬಂದು ನನ್ನನ್ನು ನೋಡಿ, ಇವಳಿನ್ನೂ ಇಲ್ಲೇ ಇದ್ದಾಳೆಯೇ ಅನ್ನುವಂತೆ ಹೊರಟುಹೋಗುತ್ತದೆ. ಎದುರಿನ ಮಂಚದಾಕೆ ಇಡೀ ದಿನ ಸೊಸೆಗೆ ಫೋನಿನಲ್ಲಿ ಅಡುಗೆ ಹೇಳಿಕೊಡುತ್ತಾಳೆ, ಉಪ್ಪು ಎಷ್ಟು ಎಂದು ಮಾತ್ರ ಹೇಳುವುದಿಲ್ಲ.

ನಿನ್ನ ಕಾಗದ ದಿಂಬಿನ ಕೆಳಗಿದೆ. ಬಿಸಿನೀರಿನ ಬಾಟಲಿ ನನಗೂ ನೆನಪಿದೆ. ಅದರ ಬಿರಡೆ ಸೋರುತ್ತಿತ್ತು, ನೀನು ಬಟ್ಟೆ ಸುತ್ತಿ ಕೊಡುತ್ತಿದ್ದೆ. ನನಗೆ ಬೇಡವಾದವಳು ನೀನಲ್ಲ ಅಕ್ಕಾ. ಅಷ್ಟು ಮಾತ್ರ ನಂಬು.

ಮುಲಾಮಿನ ವಾಸನೆ, ನಿದ್ದೆಯ ಔಷಧಿ, ಅಕ್ಷರಗಳು ಓಲಾಡುತ್ತಿವೆ. ಪ್ರೂಫ್ ಹಾಳೆ ತಂದಿಲ್ಲ. ಫೈಲಿನಲ್ಲಿ ಸಿಕ್ಕಿದ ಯಾವುದೋ ಹಾಳೆಯ ಹಿಂದೆ ಬರೆದಿದ್ದೇನೆ. ಈ ಸಲ ಆ ಕಡೆ ಕತೆಯಿಲ್ಲ, ಡಾಕ್ಟರು ಏನೋ ಗೀಚಿದ್ದಾರೆ, ಆ ದೇವರಿಗೇ ಅರ್ಥವಾಗಬೇಕು.

ನಿನ್ನ ಇರುವೆ


೯ ಜುಲೈ

ಪ್ರೀತಿಯ ತಂಗಿಗೆ,

ನಾವು ಕ್ಷೇಮ.

ನಿನ್ನ ಕಾಗದ ಸೋಮವಾರ ಅಂಗಡಿಯ ವಿಳಾಸಕ್ಕೇ ಬಂತು. ಗಿರಾಕಿಗಳಿರಲಿಲ್ಲ. ಎಂದಿನ ಹಾಗೆ ಮೊದಲು ಹಿಂಬದಿ ಓದಿದೆ. ಆ ಡಾಕ್ಟರ ಅಕ್ಷರ ಕಷ್ಟದ್ದೇನಲ್ಲ, ಇದಕ್ಕಿಂತ ಕೆಟ್ಟದ್ದನ್ನು ದಿನಾ ಓದುತ್ತೇನೆ. ವಯಸ್ಸು ಐವತ್ತೇಳು. ಹನ್ನೊಂದು ವರ್ಷದ ಹಿಂದೆ ಗರ್ಭಕೋಶ, ಅಂಡಾಶಯ ತೆಗೆದಿದೆ. ಅಂದಿನಿಂದ ಈಸ್ಟ್ರೋಜನ್ ಮಾತ್ರೆ, ವೈದ್ಯರ ಸಲಹೆಯಿಲ್ಲದೆ, ಸ್ವಂತ. ಹಳೆಯ ಕಾಯಿಲೆ ಮರುಕಳಿಸಿದೆ. ಎಡ ಕಿಡ್ನಿ ಕೆಲಸ ಮಾಡುತ್ತಿಲ್ಲ, ತೆಗೆಯಬೇಕು. ಮಾತ್ರೆ ನಿಲ್ಲಿಸಿದೆ. ನಿಲ್ಲಿಸಿದೆ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಸ್ವಂತ ಅಂತ ಬರೆಸಿದ್ದೀಯ.

ಅಷ್ಟರಲ್ಲಿ ಒಬ್ಬರು ಜ್ವರಕ್ಕೆ ಏನಾದರೂ ಕೊಡಿ ಎಂದು ಬಂದರು. ನನ್ನ ಕೈ ಕಪಾಟಿಗೆ ಹೋಗಲಿಲ್ಲ. ಡಾಕ್ಟರಿಗೆ ತೋರಿಸಿ ಅಂದೆ. ಮೂವತ್ನಾಲ್ಕು ವರ್ಷದಲ್ಲಿ ನಾನು ಯಾರಿಗೂ ಹಾಗೆ ಹೇಳಿದ್ದೇ ಇಲ್ಲ. ಸಂಜೆ ಧಣಿಗೆ ಬೀಗದ ಕೈ ಕೊಟ್ಟು ಬಂದೆ, ಮತ್ತೆ ಹೋಗಿಲ್ಲ.

ಮನೆಗೆ ಬಂದು ಟ್ರಂಕಿನಿಂದ ನಿನ್ನ ಹಳೇ ಚೀಟಿ ತೆಗೆದೆ. ದೊಡ್ಡ ಡಾಕ್ಟರು ಬರೆದದ್ದು ಹಾಗೇ ಇದೆ. ಮಾತ್ರೆಯ ಹೆಸರು, ದಿನಕ್ಕೊಂದು, ಎರಡು ವರ್ಷ, ನಂತರ ತೋರಿಸಿ. ಅಕ್ಷರ ತಪ್ಪಾಗಿ ಓದಿದೆ ಅಂತ ಹೇಳಿ ಪಾರಾಗಬಹುದಿತ್ತು. ಇಲ್ಲ, ಅವತ್ತೂ ಸರಿಯಾಗಿಯೇ ಓದಿದ್ದೆ. ಎರಡು ವರ್ಷವಾದಾಗ ನೆನಪೂ ಇತ್ತು. ಅವರು ಊರು ಬಿಟ್ಟಿದ್ದರು. ಬೇರೆ ಡಾಕ್ಟರಿಗೆ ತೋರಿಸು ಅಂತ ಬರೆಯೋಣವೆಂದು ಕೂತೆ. ಅವರು ನಿಲ್ಲಿಸು ಅಂದುಬಿಟ್ಟರೆ ನೀನು ಮತ್ತೆ ಬೆಂಕಿಯಲ್ಲಿ ಬೇಯುತ್ತೀಯಲ್ಲ ಅನ್ನಿಸಿತು. ಮಾತ್ರೆ ನನ್ನ ಎಡಗೈಗೆ ಎಟುಕುವ ಖಾನೆಯಲ್ಲಿತ್ತು. ನನಗಿಂತ ಹೆಚ್ಚು ನಿನ್ನ ವಿಷಯ ಯಾವ ಡಾಕ್ಟರಿಗೆ ಗೊತ್ತು ಅಂದುಕೊಂಡೆ. ಇದು ನಿಜ. ಬೇರೆ ಯಾವ ನಿಜವೂ ಇಲ್ಲ.

ದೊಡ್ಡವರು ತಪ್ಪು ಮಾಡಿದಾಗ ಹೊಟ್ಟೆಗೆ ಹಾಕಿಕೋ ಅಂತ ಕೇಳುತ್ತಾರೆ. ನನಗೆ ಆ ಮಾತು ಬಾಯಿಗೆ ಬರುತ್ತಿಲ್ಲ. ಹನ್ನೊಂದು ವರ್ಷ ನಾನು ಕೊಟ್ಟದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೇ ನೀನು ಹೀಗಾದದ್ದು.

ನೀನು ಬರೆಯದಿದ್ದರೂ ಪರವಾಗಿಲ್ಲ. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ಅಕ್ಕ


೨೦ ಜುಲೈ

ಅಕ್ಕಾ,

ಮೊದಲನೇ ಸಾಲನ್ನೇ ಎರಡು ಸಲ ಓದಿದೆ. ನಾವು ಕ್ಷೇಮ. ನನಗೆ ನೆನಪಿರುವಂತೆ ಮೊದಲ ಸಲ ಸರಿಯಾಗಿ ಬರೆದಿದ್ದೀಯ. ಕೊಂಬಿಲ್ಲ, ಬಾಲವಿಲ್ಲ. ಪೆನ್ನು ಎಷ್ಟು ಹಿಡಿತದಲ್ಲಿಟ್ಟುಕೊಂಡು ಬರೆದಿರಬೇಕು ನೀನು! ಉಳಿದದ್ದನ್ನು ಓದುವ ಮೊದಲೇ ನಿನಗೆ ಗೊತ್ತಾಗಿದೆಯೆಂದು ಗೊತ್ತಾಯಿತು.

ಆ ಹಾಳೆಯನ್ನು ಹೇಗೆ ಹಾಕಿದೆನೋ. ಪರರ ತಪ್ಪು ಹುಡುಕುವುದೇ ನನ್ನ ಕಸುಬು. ಡಾಕ್ಟರ ಗೀಚು ನಿನಗೆ ಓದಲು ಬರುತ್ತದೆ ಅನ್ನುವುದು ಹೇಗೆ ಮರೆತುಹೋಯಿತು? ನಿದ್ದೆಯ ಔಷಧಿ ಅನ್ನುತ್ತಾಳೆ ದಾರದಮ್ಮ. ನನಗೆ ಹಾಗನ್ನಿಸುವುದಿಲ್ಲ. ನಿನಗೆ ಗೊತ್ತಾಗಲಿ ಎಂದು ನನ್ನ ಒಂದು ಕೈಗಾದರೂ ಆಸೆಯಿತ್ತೇನೋ.

ಮಾರ್ಚ್‌ನಲ್ಲಿ ಬರೆದು ಅಂಚೆಗೆ ಹಾಕದ ಕಾಗದವೊಂದನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಅದರಲ್ಲಿ ಒಂದು ಸುಳ್ಳಿದೆ. ಕೋಪವಿಲ್ಲ ಎಂದು ಬರೆದಿದ್ದೇನೆ. ಕೋಪ ಬಂದಿತ್ತು. ಎರಡನೆಯ ಡಬ್ಬಿ ಬಂದ ದಿನ ಅದನ್ನು ಗೋಡೆಗೆ ಎಸೆದೆ. ಸ್ಟ್ರಿಪ್ಪುಗಳೆಲ್ಲ ನೆಲದ ಮೇಲೆ ಹರಡಿಕೊಂಡವು, ಎಲ್ಲದರ ಬೆನ್ನಿಗೂ ನಿನ್ನ ಸೋಮ ಮಂಗಳ ಬುಧ. ಕೂತು ಅತ್ತೆ. ನಾಲ್ಕು ಸಾಲಿನ ಆ ಕಾಗದ ಅವತ್ತಿನದು. ನಿನ್ನನ್ನು ಕಾಪಾಡಲೆಂದೇ ಬರಬೇಡ ಅಂದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಮುಖ ನೋಡುವುದೂ ಬೇಡವಾಗಿತ್ತು, ಅದೂ ನಿಜ. ನೀನು ನಿಜ ಬರೆದಿದ್ದೀಯ, ನಾನೂ ಬರೆಯುತ್ತೇನೆ.

ಇನ್ನು ಮೈಯ ವಿಷಯ, ಏನನ್ನೂ ಮುಚ್ಚಿಡದೆ. ಎಡ ಕಿಡ್ನಿ ತೆಗೆದರು. ಗಡ್ಡೆ ಪೂರ್ತಿ ಬರಲಿಲ್ಲ, ಕರುಳಿಗೆ ಅಂಟಿಕೊಂಡದ್ದನ್ನು ಹಾಗೇ ಬಿಟ್ಟಿದ್ದಾರೆ. ಬಲಗಡೆಯ ನಾಳದ ಹತ್ತಿರವೂ ಒಂದು ನೆರಳಿದೆಯಂತೆ. ಊಟ ಸಿಗದಿದ್ದರೆ ಅದು ಬಾಡಬಹುದು, ಬಾಡದೆಯೂ ಇರಬಹುದು. ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಬಲ ಕಿಡ್ನಿಯೂ ಹೋದರೆ ಮುಂದೇನು ಎಂದು ಕೇಳಿದೆ. ಆ ಡಾಕ್ಟರ್ ಹುಡುಗಿ ಉತ್ತರ ಹೇಳುವ ಮೊದಲು ನನ್ನ ಕೈ ಹಿಡಿದುಕೊಂಡಳು.

ಮೈ ಉರಿ ವಾಪಸ್ ಬಂದಿದೆ. ಪ್ರೂಫ್ ಓದುತ್ತಿರುವಾಗಲೇ ಕುತ್ತಿಗೆಯಿಂದ ಹತ್ತಿಕೊಳ್ಳುತ್ತದೆ. ಟವೆಲನ್ನು ನಾನೇ ಒದ್ದೆ ಮಾಡಿಕೊಳ್ಳುತ್ತೇನೆ, ಹಿಂಡಲು ಮಾತ್ರ ಹೊಲಿಗೆ ಬಿಡುವುದಿಲ್ಲ. ನೀರು ನೆಲದ ಮೇಲೆಲ್ಲ ಸೋರುತ್ತದೆ.

ಅಕ್ಕಾ, ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ನನಗೆ ಗೊತ್ತಿಲ್ಲ. ಒಂದೊಂದು ದಿನ ಹೌದು, ಒಂದೊಂದು ದಿನ ಇಲ್ಲ. ಆದರೆ ಟವೆಲ್ ಹಿಂಡಿಕೊಡಲು ನೀನೇ ಬೇಕು. ಬಾ.

ಇರುವೆ


೨ ಆಗಸ್ಟ್

ಇರುವೆಗೆ,

ಎರಡು ಕಾಗದವನ್ನೂ ಓದಿದೆ. ಗೋಡೆಗೆ ಎಸೆದದ್ದು ಒಳ್ಳೆಯದಾಯಿತು. ನಾನು ಬಂದ ಮೇಲೆ ಇನ್ನೊಂದು ಸಲ ಎಸೆಯಬೇಕು ಅನ್ನಿಸಿದರೆ ಎಸೆ, ಆರಿಸಿ ಕೊಡುತ್ತೇನೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿನ್ನ ಭಾವ ಆಮೇಲೆ ಬರುತ್ತಾರೆ. ಹದಿನೈದು ದಿನಕ್ಕಲ್ಲ, ಧಣಿ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು. ಟವೆಲ್ ನಾಲ್ಕು ತರುತ್ತಿದ್ದೇನೆ. ಔಷಧಿ ಏನೂ ತರುತ್ತಿಲ್ಲ. ಆ ಡಾಕ್ಟರ ಹತ್ತಿರ ನಿನ್ನ ಜೊತೆ ನಾನೂ ಬರುತ್ತೇನೆ. ಅಲ್ಲಿ ಸ್ವಂತ ಅಂತ ಬರೆದಿರುವುದನ್ನು ಹೊಡೆದುಹಾಕಿ ಅಕ್ಕ ಅಂತ ಬರೆಸಬೇಕು.

ಬಲಗಡೆಯ ನೆರಳಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯುವುದಕ್ಕೇ ಎರಡು ದಿನ ಬೇಕಾಯಿತು. ಮುಂದಿನದನ್ನು ನೋವಿಬ್ಬರೂ ಕೂತು ಕಾಯೋಣ.

ಸರಿಯಾಗಿಯೇ ಬರೆದಿದ್ದೇನೆ. ತಿದ್ದಬೇಡ.

ಅಕ್ಕ